ಆ ಇಬ್ಬರು ಮಕ್ಕಳು ಎಲ್ಲಿ ಹೋದರು?

ನಮಸ್ಕಾರ,

ನಿಮ್ಮ ‘ಮಲತಾಯಿ ಧೋರಣೆ ಬಿಟ್ಟ ಸಿನಿಮಾ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಇರಲೂ ಮನಸ್ಸಾಗಲಿಲ್ಲ.

ಹನ್ನೊಂದು ಸಿನಿಮಾ, ಒಂದೊಂದಕ್ಕೂ ಮೂರು ಸಾಲು. ಇದು ಲೇಖನವಲ್ಲ, ಪಟ್ಟಿ. ಮೊದಲು ಮಲತಾಯಿ ಕೆಟ್ಟವಳಾಗಿದ್ದಳು, ಈಗ ಒಳ್ಳೆಯವಳಾಗಿದ್ದಾಳೆ ಅಂತ ನಿಮ್ಮ ವಾದ. ನೀವೇ ಹೆಸರಿಸಿದ 1998ರ ‘ಸ್ಟೆಪ್‌ಮಾಮ್’ ನೋಡಿ. ಜೂಲಿಯಾ ರಾಬರ್ಟ್ಸ್ ಪಾತ್ರ ಒಳ್ಳೆಯದೇ. ಆದರೆ ಆಕೆಗೆ ಮನೆಯಲ್ಲಿ ಜಾಗ ಸಿಗಬೇಕಾದರೆ ಹೆತ್ತ ತಾಯಿಗೆ ಕ್ಯಾನ್ಸರ್ ಬರಬೇಕು! 2010ರಲ್ಲಿ ಅದೇ ಕತೆ ಹಿಂದಿಯಲ್ಲಿ ‘ವಿ ಆರ್ ಫ್ಯಾಮಿಲಿ’ ಆದಾಗ ಹೆತ್ತ ತಾಯಿಯಾದ ಕಾಜೋಲ್ ಪಾತ್ರಕ್ಕೂ ಅದೇ ಗತಿ. ಹೆತ್ತವಳು ಗಟ್ಟಿಯಾಗಿರುವಾಗಲೇ ಮಕ್ಕಳು ಇಬ್ಬರಿಗೂ ಸಲ್ಲುವ ದಾರಿ ಯಾರಿಗೂ ಹೊಳೆಯಲಿಲ್ಲವಾ? ಈ ಪ್ರಶ್ನೆ ನೀವು ಕೇಳಬೇಕಿತ್ತು.

‘ಬಾಯ್‌ಹುಡ್’ (2014) ಬಗ್ಗೆ ‘ಕುಡುಕ ಮಲತಂದೆಯ ಕಾಟ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಇಡೀ ಲೇಖನ ಅಲ್ಲೇ ಕೂತಿತ್ತು! ಇಬ್ಬರು ಮಕ್ಕಳ ತಾಯಿ ಮದುವೆಯಾಗುವ ಆ ಮಲತಂದೆಗೂ ಇಬ್ಬರು ಮಕ್ಕಳಿದ್ದಾರೆ. ನಾಲ್ವರೂ ಒಂದೇ ಮನೆಯಲ್ಲಿ ಆಡಿ ಬೆಳೆಯುತ್ತಾರೆ. ಅವನ ಕಾಟ ತಾಳಲಾರದೆ ತಾಯಿ ತನ್ನ ಇಬ್ಬರನ್ನು ಕರೆದುಕೊಂಡು ಮನೆ ಬಿಡುತ್ತಾಳೆ. ಅವನ ಮಕ್ಕಳು ಅಲ್ಲೇ ಉಳಿಯುತ್ತಾರೆ, ಅದೇ ಕುಡುಕನ ಜೊತೆ. ಕಾನೂನಿನ ಪ್ರಕಾರ ಆಕೆ ಅವರ ಪೋಷಕಿಯಲ್ಲ. ಸಿನಿಮಾ ಮುಗಿಯುವ ತನಕ ಅವರ ಮುಖ ಮತ್ತೆ ಕಾಣುವುದಿಲ್ಲ. ಗಂಡ ಹೆಂಡತಿ ಬೇರೆಯಾದರೆ ವಿಚ್ಛೇದನ ಅಂತೀವಿ. ಜೊತೆಗೆ ಉಂಡು ಬೆಳೆದ ಈ ನಾಲ್ವರು ಬೇರೆಯಾದದ್ದಕ್ಕೆ ಏನನ್ನೋಣ?

ಕನ್ನಡದ ಪ್ಯಾರಾದಲ್ಲಿ ಒಂದು ತಪ್ಪಿದೆ. 1993ರ ‘ಅಣ್ಣಯ್ಯ’ ಹಿಂದಿಯ ‘ಬೇಟಾ’ದ ನಕಲು ಎಂದಿದ್ದೀರಿ. ಕತೆ ಹೊರಟಿದ್ದೇ ಇಲ್ಲಿಂದ. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ‘ಮಲ್ಲಮ್ಮನ ಪವಾಡ’ ಮಾಡಿದರು. ಆಮೇಲೆ ಅದು ತಮಿಳು, ಹಿಂದಿ ಸುತ್ತಿ ಮನೆಗೆ ವಾಪಸ್ ಬಂತು.

ಮರುಮದುವೆಯಿಂದ ಕೂಡಿದ ಕುಟುಂಬಕ್ಕೆ ‘ಬ್ಲೆಂಡೆಡ್ ಫ್ಯಾಮಿಲಿ’ ಅಂತ ಒಂಬತ್ತು ಕಡೆ ಬರೆದಿದ್ದೀರಿ, ಜಾಸ್ತಿಯಾಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನ ಎರಡನೇ ಹೆಂಡತಿಯನ್ನು ಮಕ್ಕಳು ಚಿಕ್ಕಮ್ಮ ಎನ್ನುತ್ತಾರೆ. ಮಲತಾಯಿ ಎಂದು ಎದುರಿಗೆ ಯಾರು ಕರೆಯುತ್ತಾರೆ? ಆ ಪದ ಈಗ ಅನುದಾನ ಸಿಗದವರ ಭಾಷಣಕ್ಕೆ ಹೋಗಿಬಿಟ್ಟಿದೆ, ಅಲ್ವಾ?

ಎಂಟು ಸಿನಿಮಾ ತೆಗೆದುಹಾಕಿ. ‘ಬಾಯ್‌ಹುಡ್’ ಮತ್ತೊಮ್ಮೆ ನೋಡಿ, ಈ ಸಲ ಬಿಟ್ಟುಹೋದ ಆ ಇಬ್ಬರ ಮೇಲೆ ಕಣ್ಣಿಟ್ಟು. ಸಾವಿರ ಪದ ಸಾಕು. ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ