ಸಂಪಾದಕರ ಉತ್ತರ: ಎಡಗಡೆ ಸೀಟಿನವರಿಗೆ ಹೇಳುವುದು ಹೇಗೆ?

ಕಾಕ್‌ಪಿಟ್‌ನ ಎಡಗಡೆ ಸೀಟು ಕ್ಯಾಪ್ಟನ್ ಅವರದು, ಬಲಗಡೆಯದು ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್ ಅವರದು. ಫಸ್ಟ್ ಆಫೀಸರ್ ಆಗಿ ಇನ್ನೂ ವರ್ಷ ತುಂಬದ ಓದುಗರೊಬ್ಬರು ಬರೆದಿದ್ದಾರೆ:

"ಕೆಲವು ಕ್ಯಾಪ್ಟನ್‌ಗಳ ಜೊತೆ ಹಾರುವಾಗ ಕೆಲಸ ಸಲೀಸಾಗಿ ಸಾಗುತ್ತದೆ. ಇನ್ನು ಕೆಲವರ ಪಕ್ಕ ಕೂತರೆ ಗೊತ್ತಿರುವುದೂ ಮರೆತುಹೋಗುತ್ತದೆ. ಮೊನ್ನೆ ಇಳಿಯುವಾಗ ವೇಗ ಜಾಸ್ತಿ ಇದೆ ಅನ್ನಿಸಿತು. 'ಸರ್, ಗಾಳಿ ಸ್ವಲ್ಪ ಹಿಂದಿನಿಂದ ಇರೋ ಹಾಗಿದೆ' ಅಂದೆ. ಅವರು ಏನೂ ಹೇಳಲಿಲ್ಲ. ನಾನೂ ಸುಮ್ಮನಾದೆ. ಇಳಿದದ್ದೇನೋ ಸರಿಯಾಗಿಯೇ ಇಳಿದೆವು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಇದು ನನ್ನ ಅಳುಕೋ, ಅವರ ದೋಷವೋ? ಕ್ಯಾಪ್ಟನ್ ಜೋರಾಗಿದ್ದರೆ ವಿಮಾನಕ್ಕೆ ಒಳ್ಳೆಯದೇ ಅಲ್ವಾ? ಅಂಥವರ ಜೊತೆ ಡ್ಯೂಟಿ ಬೇಡ ಎಂದು ಕೇಳಬಹುದೇ?"

ಮೊದಲು ನಿಮ್ಮ ಗಾಳಿಯ ಮಾತಿಗೇ ಬರುತ್ತೇನೆ. ನೀವು ಹೇಳಬೇಕಿದ್ದದ್ದು ವೇಗದ ವಿಚಾರ, ಹೇಳಿದ್ದು ಗಾಳಿಯ ವಿಚಾರ. ಅವರಿಗೆ ಬೇಜಾರಾಗದಂತೆ, ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಸುತ್ತಿ ಬಳಸಿ ಹೇಳಿದಿರಿ. ಇದು ನಿಮ್ಮೊಬ್ಬರ ಅಳುಕಲ್ಲ. ಪೈಲಟ್‌ಗಳ ಮಾತಿನ ರೀತಿಯನ್ನು ಅಧ್ಯಯನ ಮಾಡಿದ ಊಟೆ ಫಿಶರ್ ಮತ್ತು ಜುಡಿತ್ ಒರಸಾನು ಕಂಡದ್ದೂ ಇದನ್ನೇ. ಕ್ಯಾಪ್ಟನ್‌ಗಳು ನೇರವಾಗಿ 'ಹೀಗೆ ಮಾಡಿ' ಅನ್ನುತ್ತಾರೆ. ಫಸ್ಟ್ ಆಫೀಸರ್‌ಗಳು ಸುಳಿವು ಕೊಟ್ಟು ಕಾಯುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಸುಳಿವು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ನಿಮ್ಮ ಕ್ಯಾಪ್ಟನ್ ನಿಮ್ಮನ್ನು ಕಡೆಗಣಿಸಿದರೋ, ಅವರಿಗೆ ಅದು ಎಚ್ಚರಿಕೆ ಅಂತಲೇ ಅನ್ನಿಸಲಿಲ್ಲವೋ, ಈಗ ನೀವೂ ಹೇಳಲಾರಿರಿ, ನಾನೂ ಹೇಳಲಾರೆ.

ಆದರೆ ಪೂರ್ತಿ ಹೊಣೆಯನ್ನು ನೀವೇ ಹೊರಬೇಡಿ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 1978ರಿಂದ 1990ರವರೆಗೆ ಸಿಬ್ಬಂದಿಯ ತಪ್ಪು ಸೇರಿಕೊಂಡಿದ್ದ 37 ದೊಡ್ಡ ಅಪಘಾತಗಳನ್ನು ಅದು ನೋಡಿತ್ತು. ಅವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ವಿಮಾನ ಹಾರಿಸುತ್ತಿದ್ದವರು ಕ್ಯಾಪ್ಟನ್. ಸಾಮಾನ್ಯವಾಗಿ ಇಬ್ಬರೂ ಸರದಿಯಲ್ಲಿ ಹಾರಿಸುತ್ತಾರೆ, ಕ್ಯಾಪ್ಟನ್‌ಗೆ ಅನುಭವವೂ ಜಾಸ್ತಿ. ಹಾಗಿದ್ದೂ ಹೀಗೇಕೆ? ನನಗೆ ಕಾಣುವ ಉತ್ತರ ಇಷ್ಟು: ಫಸ್ಟ್ ಆಫೀಸರ್ ತಪ್ಪಿದರೆ ಕ್ಯಾಪ್ಟನ್ ತಕ್ಷಣ ತಿದ್ದುತ್ತಾರೆ. ಕ್ಯಾಪ್ಟನ್ ತಪ್ಪಿದರೆ ತಿದ್ದಬೇಕಾದವರು ಯೋಚಿಸುತ್ತಾ ಕೂರುತ್ತಾರೆ. ಆ ಯೋಚನೆಯ ಹೊತ್ತನ್ನು ಉದ್ದ ಮಾಡುವುದೋ, ಕಮ್ಮಿ ಮಾಡುವುದೋ ಎಂಬುದು ಕ್ಯಾಪ್ಟನ್ ನಡವಳಿಕೆಗೆ ಬಿಟ್ಟದ್ದು. ನಾಯಕತ್ವದ ಶೈಲಿ ಎಂದು ನಾವು ಮಾತಾಡಬೇಕಾದದ್ದು ಇದರ ಬಗ್ಗೆಯೇ.

1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ನಡೆದದ್ದನ್ನು ನೀವು ತರಬೇತಿಯಲ್ಲಿ ಓದಿಯೇ ಇರುತ್ತೀರಿ. ಮಂಜು ಕವಿದ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಬೋಯಿಂಗ್ 747 ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಕೆಎಲ್‌ಎಂ ವಿಮಾನದ ಕ್ಯಾಪ್ಟನ್ ಆ ಕಂಪನಿಯ ಹಿರಿಯ ತರಬೇತುದಾರ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್‌ಗೆ 747ರ ಪರೀಕ್ಷೆ ಮಾಡಿ ಪಾಸು ಮಾಡಿದ್ದವರೂ ಅವರೇ, ಅದೂ ಸುಮಾರು ಎರಡು ತಿಂಗಳ ಹಿಂದೆ. ಎಲ್ಲರೂ ಹೇಳುವುದು ಫಸ್ಟ್ ಆಫೀಸರ್ ಬಾಯಿ ಬಿಡಲಿಲ್ಲ ಎಂದು. ನಿಜ ಹಾಗಲ್ಲ. ಕ್ಯಾಪ್ಟನ್ ಮೊದಲ ಸಲ ಎಂಜಿನ್ ವೇಗ ಏರಿಸಿದಾಗ ಫಸ್ಟ್ ಆಫೀಸರ್ ತಡೆದರು. ನಮಗಿನ್ನೂ ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಕ್ಲಿಯರೆನ್ಸ್ ಸಿಕ್ಕಿಲ್ಲ ಎಂದರು. ಕ್ಯಾಪ್ಟನ್ ಹೇಳಿದ್ದು, ಅದು ನನಗೆ ಗೊತ್ತು, ಎಟಿಸಿಯವರನ್ನು ಕೇಳು ಎಂದು. ಇವರು ರೇಡಿಯೋದಲ್ಲಿ ವಿಚಾರಿಸಿದರು. ಹಾರಿದ ಮೇಲೆ ಹೋಗಬೇಕಾದ ದಾರಿಯ ಕ್ಲಿಯರೆನ್ಸ್ ಬಂತು. ಟೇಕಾಫ್‌ಗೆ ಅನುಮತಿ ಬಂದಿರಲಿಲ್ಲ. ಇವರು ರೇಡಿಯೋದಲ್ಲಿ ಅದನ್ನು ತಿರುಗಿ ಓದಿ ಹೇಳುತ್ತಿರುವಾಗಲೇ ಕ್ಯಾಪ್ಟನ್ ಹೊರಟೇಬಿಟ್ಟರು. ಈ ಸಲ ಇವರು ತಡೆಯಲಿಲ್ಲ.

ಒಂದು ನಿಮಿಷದ ಹಿಂದಷ್ಟೇ ತಾನೇ ತಿದ್ದಿದ್ದ ಹಿರಿಯರನ್ನು ಮತ್ತೆ ತಿದ್ದುವುದು ಎಷ್ಟು ಕಷ್ಟ! ಆಮೇಲೆ ಕಾಕ್‌ಪಿಟ್‌ನಲ್ಲಿದ್ದ ಮೂರನೆಯವರಾದ ಫ್ಲೈಟ್ ಎಂಜಿನಿಯರ್ ಕೂಡ ಕೇಳಿದರು, ಆ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟಿಲ್ವಾ ಎಂದು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಡಕ್ಕಾಗಿ ಹೇಳಿದರು. ಅಲ್ಲಿಗೆ ಮಾತು ಮುಗಿಯಿತು. ಆ ಕ್ಯಾಪ್ಟನ್ ಕೂಗಾಡುವವರೂ ಅಲ್ಲ, ಕೆಲಸ ಬಾರದವರೂ ಅಲ್ಲ. ಮೊದಲನೇ ತಿದ್ದುಪಡಿಗೆ ಅವರು ಕೊಟ್ಟ ಉತ್ತರ ಎರಡನೆಯದನ್ನು ಕಷ್ಟ ಮಾಡಿತು ಎಂದೇ ನಾನು ನಂಬಿದ್ದೇನೆ. ಕ್ಯಾಪ್ಟನ್‌ಗಳು ಈ ಪುಟ ಓದುತ್ತಿದ್ದರೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು ಎಂದು ಕೈಮುಗಿದು ಕೇಳುತ್ತೇನೆ. ನಿಮ್ಮ ಪಕ್ಕದವರು ಇವತ್ತು ಹೇಳಿದ್ದು ಅನಗತ್ಯವೇ ಆಗಿರಬಹುದು. ಅದಕ್ಕೆ ನೀವು ಕೊಡುವ ಉತ್ತರ ನಾಳೆ ಅವರು ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಕ್ಯಾಪ್ಟನ್ ಜೋರಾಗಿದ್ದರೆ ಒಳ್ಳೆಯದಲ್ವಾ ಎಂದು ಕೇಳಿದ್ದೀರಿ. ಶಿಸ್ತು ಬೇರೆ, ಕಿವಿ ಮುಚ್ಚಿಕೊಳ್ಳುವುದು ಬೇರೆ. ಚೆಕ್‌ಲಿಸ್ಟ್‌ನ ಒಂದು ಸಾಲೂ ಬಿಡದ, ಹರಟೆಗೆ ಅವಕಾಶ ಕೊಡದ, ಆದರೆ ನೀವು 'ಸ್ಪೀಡ್' ಎಂದ ಕೂಡಲೇ ಸರಿಪಡಿಸುವ ಕ್ಯಾಪ್ಟನ್ ಸಿಕ್ಕರೆ ಅವರ ಮುಖ ಗಂಟಿಕ್ಕಿದ್ದರೂ ತಲೆಕೆಡಿಸಿಕೊಳ್ಳಬೇಡಿ. ತೀರಾ ಸಲಿಗೆಯವರ ಜೊತೆಗೂ ಅಪಾಯ ಇದೆ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತಾಗ, ಅದಕ್ಕೆ ಮುಂಚೆ ಕಾಕ್‌ಪಿಟ್‌ನಲ್ಲಿ ಸ್ನೇಹದಿಂದಲೇ ಮಾತು ನಡೆದಿತ್ತು. ಹತ್ತು ಸಾವಿರ ಅಡಿಗಿಂತ ಕೆಳಗೆ ಕೆಲಸಕ್ಕೆ ಬೇಕಿಲ್ಲದ ಮಾತು ಆಡಬಾರದು ಎಂಬ ನಿಯಮ ಅಲ್ಲಿ ಪಾಲನೆಯಾಗಲಿಲ್ಲ. ಕ್ಯಾಪ್ಟನ್ ಹಾರಾಟವನ್ನು ಸರಿಯಾಗಿ ನಿಭಾಯಿಸಲಿಲ್ಲ ಎಂಬುದನ್ನೂ ತನಿಖೆ ಕಾರಣಗಳಲ್ಲಿ ಸೇರಿಸಿತು.

ಮೂರನೇ ಥರದವರು ಒಂದೇ ಸಮಸ್ಯೆಯಲ್ಲಿ ಮುಳುಗಿಹೋಗುವವರು. 1978ರ ಡಿಸೆಂಬರ್ 28ರಂದು ಪೋರ್ಟ್‌ಲೆಂಡ್ ಮೇಲೆ ಯುನೈಟೆಡ್ ಏರ್‌ಲೈನ್ಸ್‌ನ 173ನೇ ಸಂಖ್ಯೆಯ ವಿಮಾನ ಸುಮಾರು ಒಂದು ಗಂಟೆ ಸುತ್ತಿತು. ಕ್ಯಾಪ್ಟನ್ ಚಿಂತೆಯೆಲ್ಲ ಲ್ಯಾಂಡಿಂಗ್ ಗೇರ್, ಅಂದರೆ ಇಳಿಯುವ ಚಕ್ರಗಳ ಮೇಲೆ. ಇಂಧನ ಇಳಿಯುತ್ತಿದೆ ಎಂಬ ಮಾತು ಬಂತು, ಆದರೆ ಅವರನ್ನು ಅಲ್ಲಾಡಿಸುವಷ್ಟು ಗಟ್ಟಿಯಾಗಿ ಬರಲಿಲ್ಲ. ಇಂಧನ ಖಾಲಿಯಾಗಿ ವಿಮಾನ ಬಿತ್ತು, 10 ಜನ ಸತ್ತರು. ಇಂಥ ಅಪಘಾತಗಳ ಮೇಲೆಯೇ ನಾಸಾ 1979ರಲ್ಲಿ ಕಾರ್ಯಾಗಾರ ನಡೆಸಿತು. ನೀವು ಕಲಿತ ಸಿಆರ್‌ಎಂ (ಸಿಬ್ಬಂದಿ ಒಟ್ಟಾಗಿ ಕೆಲಸ ಮಾಡುವುದನ್ನು ಕಲಿಸುವ) ತರಬೇತಿ ಅಲ್ಲಿಂದ ಬೆಳೆದದ್ದು.

ಆ ತರಬೇತಿ ಫಲ ಕೊಟ್ಟದ್ದನ್ನೂ ಹೇಳಬೇಕು. 1989ರ ಜುಲೈ 19ರಂದು ಯುನೈಟೆಡ್ 232ರ ಬಾಲದ ಎಂಜಿನ್ ಒಡೆದು ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋಯಿತು. ಕ್ಯಾಪ್ಟನ್ ಅಲ್ ಹೇನ್ಸ್ ಎಲ್ಲವನ್ನೂ ತಾವೇ ಹಿಡಿದು ಕೂರಲಿಲ್ಲ. ಪ್ರಯಾಣಿಕರಾಗಿ ಬಂದಿದ್ದ ತರಬೇತುದಾರ ಪೈಲಟ್ ಡೆನ್ನಿ ಫಿಚ್ ಕೈಗೆ ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಾಟಲ್‌ಗಳನ್ನು ಕೊಟ್ಟರು, ಎಲ್ಲರ ಅಭಿಪ್ರಾಯ ಕೇಳಿದರು, ಕೊನೆಯ ತೀರ್ಮಾನ ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ಉಳಿಯುವ ಆಸೆಯೇ ಇಲ್ಲದಿದ್ದ ಆ ವಿಮಾನದ 296 ಜನರಲ್ಲಿ 184 ಜನ ಬದುಕಿದರು.

ಇನ್ನು ನಿಮ್ಮ ಕೈಲಿರುವುದರ ಬಗ್ಗೆ. ಮೊದಲ ಬ್ರೀಫಿಂಗ್ ಹೊತ್ತನ್ನು ಹಗುರವಾಗಿ ತಗೋಬೇಡಿ. ಆಗಲೇ ಹೇಳಿದ 1994ರ ಅಧ್ಯಯನದಲ್ಲಿ, ವಿವರ ಸಿಕ್ಕಿದ್ದ ಅಪಘಾತಗಳ ಪೈಕಿ ನೂರಕ್ಕೆ 73ರಷ್ಟು ಆ ಸಿಬ್ಬಂದಿ ಜೊತೆಯಾದ ಮೊದಲ ದಿನವೇ ನಡೆದಿದ್ದವು. ರಾಬರ್ಟ್ ಗಿನೆಟ್ ಎಂಬ ಸಂಶೋಧಕ ಕಂಡುಕೊಂಡಂತೆ, ಒಳ್ಳೆಯ ಕ್ಯಾಪ್ಟನ್‌ಗಳು ಭೇಟಿಯಾದ ಕೆಲವೇ ನಿಮಿಷದಲ್ಲಿ ತಂಡ ಕಟ್ಟುತ್ತಾರೆ, ತಮ್ಮಿಂದಲೂ ತಪ್ಪಾಗಬಹುದು ಎಂದು ತಾವೇ ಹೇಳುತ್ತಾರೆ. ನಿಮ್ಮ ಕ್ಯಾಪ್ಟನ್ ಹೇಳದಿದ್ದರೆ ನೀವೇ ಕೇಳಿ: "ಅಪ್ರೋಚ್ ಸ್ಟೇಬಲ್ ಇಲ್ಲದಿದ್ದರೆ ನಾನು ಗೋ-ಅರೌಂಡ್ ಅನ್ನುತ್ತೇನೆ, ಸರಿ ತಾನೇ ಸರ್?" (ಸ್ಟೇಬಲ್ ಅಂದರೆ ಇಳಿಯುವ ವೇಗ, ಎತ್ತರ ಸರಿಯಾಗಿರುವುದು; ಗೋ-ಅರೌಂಡ್ ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು.) ನೆಲದ ಮೇಲೆ ಇದಕ್ಕೆ ಬೇಡ ಅನ್ನುವವರು ಇರಲಾರರು. ಒಮ್ಮೆ ಒಪ್ಪಿದ ಮೇಲೆ ಗಾಳಿಯಲ್ಲಿ ನೀವು ಹೇಳುವುದು ಅವರನ್ನು ಎದುರಿಸಿದ ಹಾಗಲ್ಲ, ಇಬ್ಬರೂ ಮಾತಾಡಿಕೊಂಡಂತೆ ನಡೆದ ಹಾಗೆ.

ಹೇಳುವಾಗ ಅಂಕಿಯಲ್ಲಿ ಹೇಳಿ. "ಹಾಗಿದೆ, ಹೀಗಿದೆ" ಬೇಡ. "ಸ್ಪೀಡ್, ಹದಿನೈದು ಜಾಸ್ತಿ" ಸಾಕು. ಉತ್ತರ ಬರಲಿಲ್ಲವೇ, ಮತ್ತೆ ಹೇಳಿ. ಆಗಲೂ ಇಲ್ಲವೇ, "ಗೋ-ಅರೌಂಡ್." ಅದಕ್ಕೂ ಮುಂದಿನ ಹೆಜ್ಜೆ ಏನು ಎಂಬುದು ನಿಮ್ಮ ಕಂಪನಿಯ ಕೈಪಿಡಿಯಲ್ಲಿ ಇರಬೇಕು, ಇವತ್ತೇ ತೆಗೆದು ಓದಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ಅಪಘಾತದಲ್ಲಿ ಫಸ್ಟ್ ಆಫೀಸರ್ ಸುಮ್ಮನಿರಲಿಲ್ಲ, ಮೂರು ಸಲ ಗೋ-ಅರೌಂಡ್ ಎಂದಿದ್ದರು. ಕಂಟ್ರೋಲ್ ಮಾತ್ರ ಕೈಗೆ ತಗೊಳ್ಳಲಿಲ್ಲ. ಹಾಗೆ ತಗೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲಿದ್ದ ಗೊಂದಲ ಇದಕ್ಕೆ ಕಾರಣ ಇರಬಹುದು ಎಂದು ತನಿಖಾ ವರದಿ ಹೇಳಿತು. ಯಾವ ಗಳಿಗೆಯಲ್ಲಿ "ಐ ಹ್ಯಾವ್ ಕಂಟ್ರೋಲ್" ಅನ್ನಬಹುದು ಎಂಬುದು ನಿಮಗೆ ಬಾಯಿಪಾಠ ಆಗಿರಬೇಕು.

ಕೊನೆಯ ಪ್ರಶ್ನೆ, ಅವರ ಜೊತೆ ಡ್ಯೂಟಿ ಬೇಡ ಎಂದು ಕೇಳುವುದು. ಕೇಳಬಹುದು. ಆದರೆ ಮೊದಲಿಗೇ ಅದನ್ನು ಮಾಡಬೇಡಿ. ನಿಮ್ಮ ಜಾಗಕ್ಕೆ ನಿಮಗಿಂತ ಹೊಸಬರು ಬಂದು ಕೂರುತ್ತಾರೆ ಅಷ್ಟೇ. ಮುಂದಿನ ಸಲ ಅವರು ಸಿಕ್ಕಾಗ ನೇರವಾಗಿ ಹೇಳಿ: "ಅವತ್ತು ಸ್ಪೀಡ್ ಜಾಸ್ತಿ ಅನ್ನಿಸಿತ್ತು ಸರ್, ಕಾಲ್‌ಔಟ್ ಮಾಡಲಿಲ್ಲ. ಇನ್ನು ಮೇಲೆ ಮಾಡುತ್ತೇನೆ." ಜೋರು ಎಂದು ಹೆಸರಾದವರೇ "ಮಾಡಬೇಕಿತ್ತು" ಎಂದುಬಿಡಬಹುದು. ಅವರು ಸಿಡುಕಿದರೆ, ಅಥವಾ ಮತ್ತೆ ಅದೇ ನಡೆದರೆ, ಸುರಕ್ಷತಾ ವಿಭಾಗಕ್ಕೆ ವರದಿ ಬರೆಯಿರಿ. ಅದರಲ್ಲಿ ಅವರ ಸ್ವಭಾವದ ಮಾತು ಬೇಡ. ಎಷ್ಟು ಎತ್ತರದಲ್ಲಿ ಎಷ್ಟು ವೇಗ ಇತ್ತು, ನೀವೇನಂದಿರಿ, ಉತ್ತರ ಬಂತೋ ಇಲ್ಲವೋ, ಅಷ್ಟು ಬರೆಯಿರಿ. ಉಳಿದದ್ದನ್ನು ವಿಮಾನದ ರೆಕಾರ್ಡರ್‌ನಲ್ಲಿರುವ ಮಾಹಿತಿಯೊಂದಿಗೆ ಆ ವಿಭಾಗದವರು ತಾಳೆ ನೋಡಿಕೊಳ್ಳುತ್ತಾರೆ.