ರಾತ್ರಿ ಹೊಲಕ್ಕೆ ಹೋಗಲು ಎಂಥ ಟ್ಯಾಕ್ಟಿಕಲ್ ಟಾರ್ಚ್ ಕೊಳ್ಳಬೇಕು?

ಮೂರು ಸಾವಿರ ರೂಪಾಯಿಯೊಳಗೆ, 10,000 ಲ್ಯೂಮೆನ್ ಎಂದು ಬರೆದಿರುವ ಟ್ಯಾಕ್ಟಿಕಲ್ ಟಾರ್ಚ್ ಕೊಂಡರೆ ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೋಗುವುದಕ್ಕೆ ಆದೀತೇ ಎಂದು ಕೇಳಿದ್ದೀರಿ. ಹಾವೇರಿ ತಾಲ್ಲೂಕಿನ ನಮ್ಮ ಹೊಲಕ್ಕೂ ತ್ರೀಫೇಸ್ ಕರೆಂಟು ಹೆಚ್ಚಾಗಿ ರಾತ್ರಿಯೇ ಬರುವುದರಿಂದ, ನಾನೂ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನೇ ನಂಬಿ ಹುಬ್ಬಳ್ಳಿಯ ಪೇಟೆಯಿಂದ ಅಂಥದ್ದೊಂದನ್ನು ತಂದಿದ್ದೆ. ಬೆಳಕು 1,000 ಮೀಟರ್ ದೂರ ಬೀಳುತ್ತದೆ ಎಂದೂ ಅದರ ಮೇಲೆ ಬರೆದಿತ್ತು.

ನಮ್ಮದು ಎರೆಹೊಲ. ಆ ವರ್ಷ ಬ್ಯಾಡಗಿ ಮೆಣಸಿನ ಗಿಡಗಳು ಕಾಯಿ ಹಿಡಿಯುತ್ತಿದ್ದವು. ಮೋಟರಿನ ಶೆಡ್ಡು ಮೇಲ್ತುದಿಯಲ್ಲಿದ್ದು, ನೀರಿನ ಪೈಪು ಅಲ್ಲಿಂದ ಸುಮಾರು 200 ಮೀಟರ್ ಇಳಿಜಾರಿಗೆ ಹೋಗುತ್ತದೆ. ಸ್ಟಾರ್ಟರ್ ಒತ್ತಿದ ಮೇಲೆ ಬದುವಿನ ಗುಂಟ ಕೊನೆಯವರೆಗೆ ನಡೆದು ಪೈಪಿನ ಜಾಯಿಂಟುಗಳನ್ನು ನೋಡಿ ಬರುವುದು ಅಪ್ಪನ ಕಾಲದಿಂದ ಬಂದ ರೂಢಿ. ಹೊಸ ಟಾರ್ಚು ಕೈಗೆ ಬಂದ ಹುಮ್ಮಸ್ಸಿನಲ್ಲಿ ನಾನು ಆ ನಡಿಗೆಯನ್ನು ಬಿಟ್ಟು, ಶೆಡ್ಡಿನ ಬಾಗಿಲಲ್ಲೇ ನಿಂತು ಬೆಳಕು ಬಿಟ್ಟೆ. ದೀಪಾವಳಿ ಕಳೆದಿತ್ತು, ಮಂಜು ಕವಿದಿತ್ತು. ನೀಲಿ ಛಾಯೆಯ ಬಿಳಿ ಬೆಳಕು ಹತ್ತಿರದ ಗಿಡಗಳ ಮೇಲೆಲ್ಲ ಹರಡಿ, ಮಂಜಿಗೆ ತಾಗಿ ನನ್ನ ಕಣ್ಣಿಗೇ ಮರಳಿ ಬಂತು. ತೊಂದರೆಯೇನೂ ಕಾಣಲಿಲ್ಲವೆಂದು ಮನೆಗೆ ಹೋಗಿ ಮಲಗಿದೆ. ಕೆಳಗೆ ಜಾಯಿಂಟೊಂದು ಕಳಚಿ, ಕರೆಂಟು ಇದ್ದಷ್ಟು ಹೊತ್ತೂ ನೀರು ಒಂದೇ ಕಡೆ ನುಗ್ಗಿತ್ತು. ಎರೆಮಣ್ಣು ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಬೇರು ಕೊಳೆತು ಗಿಡಗಳು ಜೋತುಬಿದ್ದು, ತಗ್ಗಿನ ಆ ಪಟ್ಟಿಯ ಬೆಳೆ ಪೂರ್ತಿ ಹೋಯಿತು.

ನಾನು ಲ್ಯೂಮೆನ್ ನೋಡಿ ದೂರವನ್ನು ಅಳೆದಿದ್ದೆ. ಲ್ಯೂಮೆನ್ ಎಂದರೆ ಟಾರ್ಚಿನಿಂದ ಎಲ್ಲ ದಿಕ್ಕಿಗೂ ಹೊರಬೀಳುವ ಒಟ್ಟು ಬೆಳಕು. ಒಂದು ದಿಕ್ಕಿನಲ್ಲಿ ಅದು ಎಷ್ಟು ತೀವ್ರವಾಗಿದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ಹೆಚ್ಚಾಗುವುದಿಲ್ಲ, ಆದರೆ ದೂರ ಚಿಮ್ಮುತ್ತದೆ. ಟಾರ್ಚಿನ ಪ್ರತಿಫಲಕವೂ ಬೆಳಕಿಗೆ ಇದನ್ನೇ ಮಾಡುತ್ತದೆ. ಟಾರ್ಚುಗಳಿಗೆಂದೇ ಇರುವ ಆನ್ಸಿ ಎಫ್‌ಎಲ್ 1 ಮಾನದಂಡದಲ್ಲಿ, ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. 10,000 ಕ್ಯಾಂಡೆಲಾಕ್ಕೆ 200 ಮೀಟರ್. 1,000 ಮೀಟರ್ ಬೀಳಬೇಕಾದರೆ 2,50,000 ಕ್ಯಾಂಡೆಲಾ ಬೇಕು, ನನ್ನ ಡಬ್ಬಿಯ ಮೇಲೆ ಆ ಪದವೇ ಇರಲಿಲ್ಲ. ಅದೂ ಅಲ್ಲದೆ, ಆ ದೂರದ ತುದಿಯಲ್ಲಿ ಉಳಿಯುವುದು 0.25 ಲಕ್ಸ್, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು. ಕಳಚಿದ ಜಾಯಿಂಟು ಕಾಣಬೇಕಾದರೆ ಬರೆದ ದೂರದ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹಾಗಾಗಿ 200 ಮೀಟರ್ ಆಚೆಯ ನನ್ನ ಹೊಲದ ಕೊನೆ ಕಾಣಲು 400 ಮೀಟರ್ ಬೀಳುವ ಟಾರ್ಚು, ಅಂದರೆ 40,000 ಕ್ಯಾಂಡೆಲಾ ಬೇಕಿತ್ತು, ಮಂಜಿದ್ದರೆ ಅದೂ ಸಾಲದು. ಫೆನಿಕ್ಸ್, ನೈಟ್‌ಕೋರ್‌ನಂಥ ಕಂಪನಿಗಳು ಕ್ಯಾಂಡೆಲಾವನ್ನು ಸ್ಪಷ್ಟವಾಗಿ ಮುದ್ರಿಸುತ್ತವೆ. ಮುದ್ರಿಸದವರ ಟಾರ್ಚನ್ನು ಮುಟ್ಟಲೇಬೇಡಿ.

ಅದೇ ಟಾರ್ಚಿನ 18650 ಸೆಲ್ಲಿನ ಮೇಲೆ 9,900 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದಿತ್ತು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಈ ಸೆಲ್ಲಿನಲ್ಲಿ ಸುಮಾರು 4,000ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಒಳ್ಳೆಯ ಸೆಲ್ಲು 45 ಗ್ರಾಮಿನಷ್ಟು ತೂಗುತ್ತದೆ. ನನ್ನದನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟಾಗ 30 ಗ್ರಾಮನ್ನೂ ಮುಟ್ಟಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಮೂಲಕ್ಕೇ ನನ್ನ ತಕರಾರಿದೆ. ನಿಮಗೆ ಟ್ಯಾಕ್ಟಿಕಲ್ ಟಾರ್ಚಿನ ಅಗತ್ಯವಿಲ್ಲ. ಮೂತಿಯ ಹಲ್ಲುಗಳು, ಪಟಪಟನೆ ಮಿನುಗಿ ಎದುರಿನವನ ಕಣ್ಣು ಕುಕ್ಕುವ ಸ್ಟ್ರೋಬ್ ಬೆಳಕು ಇವೆಲ್ಲ ಪೊಲೀಸರಿಗೆ ಮತ್ತು ಸೈನಿಕರಿಗೆ ಹೊಂದುವಂಥವು. ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಬೆಳಕು ಸಣ್ಣದು ಮಾಡಲು ಗುಂಡಿ ಒತ್ತಿದಾಗ ಆ ಸ್ಟ್ರೋಬ್ ಹತ್ತಿಕೊಂಡರೆ, ಯಾವುದು ತಂತಿ, ಯಾವುದು ನಿಮ್ಮ ಬೆರಳು ಎಂಬುದೇ ತಿಳಿಯುವುದಿಲ್ಲ. ಮೂರು ಸಾವಿರವನ್ನು ಎರಡಾಗಿ ಒಡೆಯಿರಿ. ಮೊದಲು ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ: 150 ಲ್ಯೂಮೆನ್ ಇದ್ದರೆ ಕಾಲಡಿಯ ದಾರಿಗೆ ಧಾರಾಳವಾಯಿತು, ಕೈಗಳೂ ಬಿಡುವಾಗಿರುತ್ತವೆ. ಅದರ ಬೆಳಕಿನ ಬಣ್ಣ 4,000ದಿಂದ 5,000 ಕೆಲ್ವಿನ್ ಒಳಗಿರಲಿ (ಈ ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯಾಗುತ್ತದೆ), ಏಕೆಂದರೆ ಒಣಗಿದ ಎಲೆಗಳ ನಡುವೆ ಸುರುಳಿ ಸುತ್ತಿದ ಕೊಳಕುಮಂಡಲದ ಕಂದು ಮಚ್ಚೆಗಳು ನೀಲಿ ಬೆಳಕಿನಲ್ಲಿ ಎಲೆಗಳೊಡನೆ ಕಲೆತುಹೋಗುತ್ತವೆ. ಗಂಬೂಟನ್ನಂತೂ ಬಿಡಬೇಡಿ.

ಉಳಿದ ಹಣಕ್ಕೆ ಕೈಟಾರ್ಚ್ ಬರುತ್ತದೆ. 500 ಲ್ಯೂಮೆನ್ ಇದ್ದರೂ ಕ್ಯಾಂಡೆಲಾ ಹೆಚ್ಚಿರುವುದನ್ನು ಆರಿಸಿ. ಮೂತಿಯನ್ನು ಎಳೆದು ಝೂಮ್ ಮಾಡುವ ಅಗ್ಗದ ಟಾರ್ಚುಗಳಲ್ಲಿ ಆ ಜಾರುವ ಕತ್ತಿನಿಂದಲೇ ಮಳೆನೀರು ಇಳಿಯುತ್ತದೆ. ನೀರು ಒಳಗಿಳಿಯದಂತೆ ತಡೆಯುವ ಮಟ್ಟವನ್ನು ಹೇಳುವ ಗುರುತು ಐಪಿಎಕ್ಸ್ 7 ಅಥವಾ 8 ಎಂದಿರುವುದು ನಮ್ಮ ಮುಂಗಾರಿಗೆ ತಕ್ಕದ್ದು. ಡಬ್ಬಿಯಲ್ಲಿ ಇಷ್ಟು ಗಂಟೆ ಉರಿಯುತ್ತದೆ ಎಂದಿದ್ದರೆ, ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯವೆಂದು ಓದಿಕೊಳ್ಳಿ. ಸೆಲ್ಲನ್ನು ಒಳಗೇ ಬೆಸೆದಿರುವ ಟಾರ್ಚು ಬೇಡ, ಬಿಚ್ಚಿ ಬದಲಿಸುವಂಥದ್ದನ್ನು ಕೊಂಡು, ತುಂಬಿದ ಇನ್ನೊಂದು ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಶೆಡ್ಡಿನಲ್ಲಿಡಿ. ಡಬ್ಬಿಯಿಲ್ಲದೆ ಹಾಗೇ ಜೇಬಿನಲ್ಲಿಟ್ಟರೆ ಚಿಲ್ಲರೆ ನಾಣ್ಯಕ್ಕೋ ಬೀಗದ ಕೈಗೋ ತಾಗಿ ಶಾರ್ಟ್ ಆಗುತ್ತದೆ.