ಊರ ಸೊಸೈಟಿಯೊಳಗ ಯಾವ ಟೈಮಿಗೆ ಏನ್ ಸಿಗ್ತೈತಿ?

ಊರ ಸೊಸೈಟಿ, ಅಂದ್ರ ರೈತರ ಕೃಷಿ ಸಹಕಾರ ಸಂಘದ ಮೆಂಬರ್ ಆದ್ರ ಸಾಲ ಬಿಟ್ಟು ಬ್ಯಾರೆ ಏನ್ ಲಾಭ ಅಂತ ಕೇಳೀರಿ. ನಮ್ಮದು ವಿಜಯಪುರ ಕಡಿ, ಇಲ್ಲಿದ್ದು ಹೇಳ್ತೀನಿ ನೋಡ್ರಿ.

ಮೇ-ಜೂನ್‌ದಾಗ ತೊಗರಿ, ಗೋವಿನಜೋಳ ಬಿತ್ತಾಕ ಡಿಎಪಿ, ಯೂರಿಯಾ ಗೊಬ್ಬರ ಬರತಾವ, ಯೂರಿಯಾ ಚೀಲ ಈಗ 45 ಕೆಜಿ, ಆಧಾರ್ ತಗೊಂಡು ಹೋಗ್ರಿ ಯಾಕಂದ್ರ ಮಷಿನ್‌ನ್ಯಾಗ ಹೆಬ್ಬಟ್ಟು ಒತ್ತಿಸ್ಕೊಂಡ ಕೊಡ್ತಾರ. ಹಿಂಗಾರಿ ಬಿಳಿಜೋಳ, ಕಡ್ಲಿ ಗೊಬ್ಬರಕ್ಕ ಸೆಪ್ಟೆಂಬರ್‌ದಾಗ ಓಡಾಡ್ರಿ, ನಾ ಒಂದ ವರ್ಷ ಲೇಟ್ ಮಾಡಿ ಖಾಲಿ ಕೈಲೆ ಬಂದೀನಿ. ಸಬ್ಸಿಡಿ ಬೀಜ ಬೇಕಂದ್ರ ಮಾತ್ರ ರೈತ ಸಂಪರ್ಕ ಕೇಂದ್ರಕ್ಕ ಹೋಗ್ಬೇಕು.

ನನ್ನ ಕೇಳಿದ್ರ ಖರೇ ಲಾಭ ಮಾರೋ ಮುಂದ. ಬೆಂಬಲ ಬೆಲೆ ಖರೀದಿ ಆದೇಶ ಬಂದ್ರ ತೊಗರಿ, ಕಡ್ಲಿ ಸೊಸೈಟಿಯೊಳಗ ತಗೋತಾರ, ಆದ್ರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಇರಬೇಕು, ಬೆಳೆ ಸರ್ವೇದಾಗ ನಿಮ್ಮ ಹೊಲಕ್ಕ ಅದೇ ಬೆಳಿ ಬಿದ್ದಿರಬೇಕು, ಕಾಳು ಒಣಗಿರಬೇಕು, ಹಸಿ ಇದ್ರ ವಾಪಸ್.

ಬೆಳೆ ಸಾಲ 5 ಲಕ್ಷದ ತನಕ ಬಡ್ಡಿ ಇಲ್ಲ, ಗಡುವು ದಾಟಿದ್ರ ಬಡ್ಡಿ ಬೀಳ್ತದ.

ದನಕ್ಕ? ಹಿಂಡಿ, ಪಶು ಆಹಾರ ಹಾಲಿನ ಡೇರಿ ಸಂಘದಾಗ ಸಿಗ್ತಾವ, ಎಮ್ಮಿ ಸಾಕೋ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳ್ರಿ. ಕಾಲುಬಾಯಿ ಬ್ಯಾನಿ ಲಸಿಕಿ ಪಶು ಇಲಾಖೆಯವ್ರೇ ಫ್ರೀ ಹಾಕ್ತಾರ.